ಬಿಪಿ, ಶುಗರ್, ಎಚ್‌ಐವಿ: ಒಂದೇ ಕ್ಲಿನಿಕ್‌ನಲ್ಲಿ, ಒಂದೇ ದಿನ ನೋಡುವುದು ಹೇಗೆ?

ಸೋಮವಾರ ಎಚ್‌ಐವಿ ಕ್ಲಿನಿಕ್, ಗುರುವಾರ ಬಿಪಿ, ಮುಂದಿನ ವಾರ ಶುಗರ್. ರೋಗಿ ಮಾತ್ರ ಒಬ್ಬರೇ. ಪ್ರತಿ ಸಲವೂ ಬಸ್ ಚಾರ್ಜು, ಒಂದು ದಿನದ ಕೂಲಿ ಖೋತಾ. ಕೊನೆಗೆ ಯಾವುದಾದರೂ ಒಂದನ್ನು ಬಿಟ್ಟೇ ಬಿಡುತ್ತಾರೆ. ನೋವಿಲ್ಲದ ಬಿಪಿಯನ್ನು ಬಿಡುವುದು ಸುಲಭ, ಅಲ್ವಾ?

ಅದಕ್ಕೇ ಇವನ್ನೆಲ್ಲ ಒಂದೇ ಕಡೆ ತರಬೇಕು. ಸೇರಿಸಿದರೆ ಎಚ್‌ಐವಿ ಚಿಕಿತ್ಸೆ ಹಾಳಾಗುತ್ತದೆ ಎಂಬ ಭಯ ಬೇಡ. ಟಾಂಜಾನಿಯಾ, ಉಗಾಂಡಾದ 32 ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಮಾಡಿ ನೋಡಿದ್ದಾರೆ. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ ಎಚ್‌ಐವಿ ಹತೋಟಿ ಕೆಡಲಿಲ್ಲ.

ಮೊದಲು ಸಮಯ ಎಲ್ಲಿ ಸೋರುತ್ತಿದೆ ನೋಡಿ. ರೋಗಿ ಒಳಗೆ ಬಂದ ಕೂಡಲೇ ಕೈಗೊಂದು ಚೀಟಿ ಕೊಡಿ. ಕಾರ್ಡ್ ಹುಡುಕುವ ಕಡೆ, ಬಿಪಿ ನೋಡುವ ಕಡೆ, ನರ್ಸ್ ಹತ್ತಿರ, ಮಾತ್ರೆ ಕೊಡುವ ಕಿಟಕಿಯಲ್ಲಿ, ಹೀಗೆ ಪ್ರತಿ ಕಡೆಯೂ ಅಲ್ಲಿನವರು ಗಂಟೆ ಬರೆಯಲಿ. ಒಂದು ವಾರ ಸಾಕು. ತಡ ಆಗುವುದು ಡಾಕ್ಟರ ಹತ್ತಿರವೇ ಅಂತ ಮೊದಲೇ ತೀರ್ಮಾನ ಮಾಡಬೇಡಿ, ಕಾರ್ಡ್ ಹುಡುಕುವುದರಲ್ಲೇ ಬೆಳಗ್ಗೆ ಕಳೆದುಹೋಗುತ್ತಿರಬಹುದು. ಹಾಗಿದ್ದರೆ ನಾಳೆ ಬರುವವರ ಕಾರ್ಡ್‌ಗಳನ್ನು ಹಿಂದಿನ ಸಂಜೆಯೇ ತೆಗೆದಿಡಿ. ಎಲ್ಲರನ್ನೂ ಬೆಳಗ್ಗೆ ಎಂಟಕ್ಕೇ ಕರೆಯಬೇಡಿ.

ಆಮೇಲೆ ಕಾಯಿಲೆ ಹತೋಟಿಯಲ್ಲಿರುವವರನ್ನು ಬೇರೆ ಮಾಡಿ. ನಿಜವಾದ ಉಳಿತಾಯ ಇರುವುದು ಇಲ್ಲೇ. ಲೆಕ್ಕ ಹಾಕಿ: 600 ಜನ ತಿಂಗಳಿಗೊಮ್ಮೆ ಬಂದರೆ, 20 ಕೆಲಸದ ದಿನಗಳಲ್ಲಿ ದಿನಕ್ಕೆ 30 ಜನ. ಅವರಲ್ಲಿ 450 ಜನರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟರೆ ತಿಂಗಳಿಗೆ ಅವರಲ್ಲಿ 150 ಜನ, ಉಳಿದ 150 ಜನ ಸೇರಿ 300, ಅಂದರೆ ದಿನಕ್ಕೆ 15 ಜನ ಅಷ್ಟೇ. ಉಳಿದ ಸಮಯ ಬಿಪಿ ಇಳಿಯದವರಿಗೆ, ಕಾಲಿನಲ್ಲಿ ಹುಣ್ಣಾದ ಶುಗರ್ ರೋಗಿಗೆ ಸಿಗುತ್ತದೆ. ಬಿಪಿ ಹತೋಟಿಗೆ ಬಂದವರನ್ನು 3ರಿಂದ 6 ತಿಂಗಳಿಗೊಮ್ಮೆ ನೋಡಿದರೆ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ಇವರನ್ನು ತರಬೇತಿ ಪಡೆದ ನರ್ಸ್ ನೋಡಲಿ. ಯಾವಾಗ ಡಾಕ್ಟರ ಹತ್ತಿರ ಕಳಿಸಬೇಕು ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿ.

ಆದರೆ ಮಾತ್ರೆ ಇಲ್ಲದಿದ್ದರೆ ಇದೆಲ್ಲ ಸುಮ್ನೆ. ಬಡ ದೇಶಗಳಲ್ಲಿ ಎಚ್‌ಐವಿ ಮಾತ್ರೆ ಹೆಚ್ಚಾಗಿ ದಾನಿಗಳ ದುಡ್ಡಿನಲ್ಲಿ ಬರುತ್ತದೆ, ಅದೇ ಕಪಾಟಿನಲ್ಲಿ ಬಿಪಿ ಮಾತ್ರೆ ಖಾಲಿ ಇರುತ್ತದೆ. ಒಂದೇ ದಿನ ಕರೆಸಿ ಅರ್ಧ ಔಷಧಿ ಕೊಟ್ಟು ಕಳಿಸುವುದು ಅನ್ಯಾಯ. ಮೂರು ತಿಂಗಳ ಮಾತ್ರೆ ಕೊಡಲು ಶುರು ಮಾಡುವ ಮೊದಲೇ ಅದಕ್ಕೆ ಬೇಕಾದ ಜಾಸ್ತಿ ದಾಸ್ತಾನು ತರಿಸಿಕೊಳ್ಳಿ.

ಎಲ್ಲ ಕಾಯಿಲೆಗೂ ಒಂದೇ ಬಣ್ಣದ ಕಾರ್ಡ್, ಒಂದೇ ಸಾಲು ಇರಲಿ. ಯಾರಿಗೆ ಎಚ್‌ಐವಿ ಅಂತ ಪಕ್ಕದವರಿಗೆ ಗೊತ್ತಾಗಬಾರದು. ಕೆಮ್ಮುವವರನ್ನು ಮಾತ್ರ ಬಾಗಿಲಲ್ಲೇ ಗುರುತಿಸಿ ಗಾಳಿಯಾಡುವ ಕಡೆ ಕೂರಿಸಿ, ಟಿಬಿ ಇರಬಹುದು.

ಸಂಜೆ ಬಾಗಿಲು ಹಾಕುವ ಮೊದಲು ಮೇಜಿನ ಮೇಲೆ ಉಳಿದ ಕಾರ್ಡ್ ಎಣಿಸಿ. ಅವರೇ ಇವತ್ತು ಬರದವರು. ಅವರಿಗೆ ಆ ವಾರವೇ ಫೋನ್ ಹೋಗಲಿ, ಇಲ್ಲವೇ ಆರೋಗ್ಯ ಕಾರ್ಯಕರ್ತೆ ಮನೆಗೆ ಹೋಗಿ ಬರಲಿ.