ಪ್ರಾಸ್ಟೇಟ್ ಕ್ಯಾನ್ಸರ್ ಇರುವ ಅಪ್ಪನಿಗೆ ಜೀನ್ ಪರೀಕ್ಷೆ ಯಾಕೆ: ನನ್ನ ಅನುಭವ

ಶಿವಮೊಗ್ಗದಲ್ಲಿ ಮೂತ್ರರೋಗಗಳ ಡಾಕ್ಟರಾಗಿ ಕೆಲಸ ಮಾಡುತ್ತೇನೆ. ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಅಂತ ಗೊತ್ತಾದವರಿಗೆ ನಾನು ಕೇಳುವ ಒಂದು ಪ್ರಶ್ನೆ ಅವರಿಗೆ ವಿಚಿತ್ರ ಅನಿಸುತ್ತದೆ. ನಿಮ್ಮ ಅಮ್ಮನಿಗೆ, ಅಕ್ಕತಂಗಿಯರಿಗೆ, ಚಿಕ್ಕಮ್ಮ ದೊಡ್ಡಮ್ಮನಿಗೆ, ಸೋದರತ್ತೆಗೆ ಎದೆಯಲ್ಲಿ ಗಡ್ಡೆ ಆಗಿತ್ತಾ? ಅಂಡಾಶಯದಲ್ಲಿ? ಒಂದಕ್ಕೆ ಹೋಗಲು ಕಷ್ಟ ಅಂತ ಬಂದವನಿಗೆ ಹೆಂಗಸರ ಕಾಯಿಲೆ ಯಾಕೆ ಕೇಳ್ತಾರೆ ಅಂತ ಮುಖ ಮುಖ ನೋಡುತ್ತಾರೆ. ಆದರೆ ಕ್ಯಾನ್ಸರ್ ಎಷ್ಟು ಜೋರಿನದು, ಯಾವ ಔಷಧಿ ಕೆಲಸ ಮಾಡೀತು ಅನ್ನುವುದರ ಸುಳಿವು ಎಷ್ಟೋ ಸಲ ಅಲ್ಲೇ ಇರುತ್ತದೆ.

ಮೊದಲು ಒಂದು ಮಾತು. ಪ್ರಾಸ್ಟೇಟ್ ಕ್ಯಾನ್ಸರ್ ಬಂದ ಎಲ್ಲರಿಗೂ ಇದು ಬೇಕಾಗಿಲ್ಲ. ವಯಸ್ಸಾದವರಲ್ಲಿ ಬಹಳಷ್ಟು ಕ್ಯಾನ್ಸರ್ ನಿಧಾನಕ್ಕೆ ಬೆಳೆಯುತ್ತದೆ, ಕೆಲವರಲ್ಲಿ ಸುಮ್ನೆ ಮೂರು ತಿಂಗಳಿಗೋ ಆರು ತಿಂಗಳಿಗೋ ಪಿಎಸ್‌ಎ (ಪ್ರಾಸ್ಟೇಟ್‌ನಿಂದ ರಕ್ತಕ್ಕೆ ಬರುವ ಒಂದು ಪ್ರೊಟೀನ್‌ನ ಪರೀಕ್ಷೆ) ನೋಡುತ್ತಾ ಇದ್ದರೂ ಸಾಕು. ನನ್ನ ತಲೆನೋವು ಇನ್ನೊಂದು ಗುಂಪು: ಗ್ಲೀಸನ್ ಸ್ಕೋರ್ (ಬಯಾಪ್ಸಿ ನೋಡಿ ಕ್ಯಾನ್ಸರ್ ಎಷ್ಟು ಜೋರಿನದು ಅಂತ ಕೊಡುವ ಅಂಕ) 8ರಿಂದ 10, ಮೂಳೆಗೆ ಹರಡಿದ್ದು, ಐವತ್ತರ ಆಸುಪಾಸಿನಲ್ಲೇ ಬಂದದ್ದು, ಅಥವಾ ಪಿಎಸ್‌ಎ ಅಷ್ಟೇನೂ ಏರದೆ ಲಿವರ್ ತನಕ ಹೋದದ್ದು. ಬಯಾಪ್ಸಿ ರಿಪೋರ್ಟ್‌ನಲ್ಲಿ 'ಇಂಟ್ರಾಡಕ್ಟಲ್' (ಪ್ರಾಸ್ಟೇಟ್‌ನ ನಾಳಗಳೊಳಗೆ ಹಬ್ಬಿದ್ದು) ಎಂಬ ಪದ ಕಂಡರೂ ನಾನು ಪೆನ್ನಿನಲ್ಲಿ ಗುರುತು ಹಾಕುತ್ತೇನೆ. ಇವರಿಗೆಲ್ಲ ಜೀನ್ ಪರೀಕ್ಷೆ ಮಾಡಿಸೋಣ ಅಂತ ನಾನೇ ಹೇಳುತ್ತೇನೆ.

ಇದು ಸುಮ್ನೆ ಹೊಸ ಫ್ಯಾಷನ್ ಅಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಯಾನ್ಸರ್ ಹರಡಿದ್ದ 692 ಗಂಡಸರ ಜೀನ್ ನೋಡಿದ್ದರು, ಮನೆತನದಲ್ಲಿ ಕ್ಯಾನ್ಸರ್ ಇದೆಯೋ ಇಲ್ಲವೋ ಅಂತ ಆರಿಸದೆ. ಅವರಲ್ಲಿ 11.8% ಜನರಿಗೆ ಡಿಎನ್‌ಎ ರಿಪೇರಿ ಮಾಡುವ ಯಾವುದೋ ಒಂದು ಜೀನ್ ಹುಟ್ಟಿನಿಂದಲೇ ಕೆಟ್ಟಿತ್ತು. ಅಂದರೆ ಎಂಟು ಒಂಬತ್ತು ಜನರಲ್ಲಿ ಒಬ್ಬರು! ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಬಿಆರ್‌ಸಿಎ2, 5.3% ಜನರಲ್ಲಿ. ಸ್ತನ ಕ್ಯಾನ್ಸರ್‌ನ ಜೀನ್ ಅಂತ ನಾವೆಲ್ಲ ಓದಿದ್ದ ಅದೇ ಬಿಆರ್‌ಸಿಎ. ಬಿಆರ್‌ಸಿಎ2 ಕೆಟ್ಟಿರುವ ಗಂಡಸಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬರುವ ಸಂಭವ ಹೆಚ್ಚು, ಬಂದರೆ ಅದು ಜೋರಿನದಾಗುವ ಸಂಭವವೂ ಹೆಚ್ಚು. ಹಾಗಾಗಿ ಗ್ಲೀಸನ್ 6 ಇದ್ದರೂ ಬಿಆರ್‌ಸಿಎ2 ಇದೆ ಅಂತ ಗೊತ್ತಾದರೆ ಕಾದು ನೋಡೋಣ ಅನ್ನಲು ನನಗೆ ಧೈರ್ಯ ಬರುವುದಿಲ್ಲ.

ಈಗ ನಾನು ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ. ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ಬೆಳೆಗಾರರ ಉದಾಹರಣೆ ಕೊಡುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಕೊನೆ ಕೊಯ್ಲಿನ ಕಾಲದಲ್ಲಿ ಸೊಂಟ ಹಿಡಿದುಕೊಂಡಿದೆ ಅಂತ ಎಣ್ಣೆ ತಿಕ್ಕಿಸಿಕೊಂಡು ಓಡಾಡುತ್ತಿದ್ದರು. ನೋಡಿದರೆ ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತಾ ಅಂದರೆ ಯಾರಿಗೂ ಇಲ್ಲ ಅಂದರು. ಇದು ಎಲ್ಲರೂ ಕೊಡುವ ಉತ್ತರ. ನಮ್ಮ ಕಡೆ ಕ್ಯಾನ್ಸರ್ ಅನ್ನುವ ಪದವನ್ನೇ ಮನೆಯಲ್ಲಿ ಆಡುವುದಿಲ್ಲ, 'ಹೊಟ್ಟೆಲಿ ಗಡ್ಡೆ ಆಗಿತ್ತು', 'ಏನೋ ದೊಡ್ಡ ಕಾಯಿಲೆ' ಅಂತ ಮುಗಿಸುತ್ತಾರೆ. ಅದಕ್ಕೆ ನಾನು ಕಾಯಿಲೆಯ ಹೆಸರು ಕೇಳುವುದಿಲ್ಲ. ಚೀಟಿಯ ಹಿಂಬದಿಯಲ್ಲಿ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆಯುತ್ತಾ ಹೋಗುತ್ತೇನೆ. ಅಪ್ಪಯ್ಯ ಎಷ್ಟು ವರ್ಷಕ್ಕೆ ಹೋದರು, ಹೇಗೆ ಹೋದರು, ಅವರ ಅಕ್ಕತಂಗಿಯರು ಎಷ್ಟು ಜನ, ಅವರೆಲ್ಲ ಏನಾದರು. ಮೂರನೇ ವೃತ್ತಕ್ಕೆ ಬಂದಾಗ ಅವರ ಹೆಂಡತಿ ಹೇಳಿದರು: "ಇವರ ಸೋದರತ್ತೆಗೆ ಹೊಟ್ಟೆ ಊದ್ತಿತ್ತು ಡಾಕ್ಟ್ರೆ, ಆಗಾಗ ನೀರು ತೆಗೆಸ್ತಿದ್ರು. ಲಿವರ್ ಅಂತಿದ್ರು." ಕುಡಿತದ ಅಭ್ಯಾಸವಿಲ್ಲದ, ಕಾಮಾಲೆ ಆಗಿರದ, ಐವತ್ತರ ಹೆಂಗಸಿಗೆ ಹೀಗೆ ಪದೇ ಪದೇ ಹೊಟ್ಟೆಯಲ್ಲಿ ನೀರು ತುಂಬಿತ್ತು ಅಂದರೆ ಅಂಡಾಶಯದ ಕ್ಯಾನ್ಸರ್ ನೆನಪಾಗಲೇಬೇಕು. ಆ ವೃತ್ತಕ್ಕೆ ಅರ್ಧ ಗೆರೆ ಎಳೆದು ಪ್ರಶ್ನೆ ಚಿಹ್ನೆ ಹಾಕಿದೆ.

ಪರೀಕ್ಷೆ ಎರಡು ಬಗೆ. ಹುಟ್ಟಿನಿಂದ ಬಂದ ದೋಷ ನೋಡಲು ರಕ್ತ ಸಾಕು. ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ತೆಗೆದು ಬೆಂಗಳೂರಿಗೆ ಕೊರಿಯರ್ ಮಾಡುತ್ತೇವೆ, ರಿಪೋರ್ಟ್ ಬರಲು ಕೆಲವು ವಾರ ಬೇಕು. ಇನ್ನೊಂದು, ಗಡ್ಡೆಯಲ್ಲಿ ಮಾತ್ರ ಆಮೇಲೆ ಹುಟ್ಟಿಕೊಂಡ ದೋಷ. ಅದಕ್ಕೆ ಬಯಾಪ್ಸಿಯ ತುಣುಕನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಬೇಕು. ಈ ಬ್ಲಾಕ್ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಮೂಳೆಯ ತುಣುಕನ್ನು ಮೆದು ಮಾಡಲು ಆಸಿಡ್‌ನಲ್ಲಿಟ್ಟರೆ ಡಿಎನ್‌ಎ ಹಾಳಾಗುತ್ತದೆ, ಆದ್ದರಿಂದ ಮೂಳೆ ಬಯಾಪ್ಸಿ ಕಳಿಸುವಾಗ ಪೆಥಾಲಜಿಯವರಿಗೆ ಮೊದಲೇ ಫೋನ್ ಮಾಡಿ ಜೀನ್ ಪರೀಕ್ಷೆಗೆ ಬೇಕು, ಆಸಿಡ್ ಬೇಡ ಅಂತ ಹೇಳುತ್ತೇನೆ. ವರ್ಷಗಟ್ಟಲೆ ಹಳೆಯದಾದ ಬ್ಲಾಕ್‌ನಿಂದ ಎಷ್ಟೋ ಸಲ ರಿಪೋರ್ಟೇ ಬರುವುದಿಲ್ಲ. ಬ್ಲಾಕ್ ಮನೆಗೆ ತಂದಿದ್ದರೆ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ತಂಪಾದ ಒಣ ಜಾಗದಲ್ಲಿಡಿ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆಗೇ ಬೂಸ್ಟು ಹಿಡಿಯುತ್ತದೆ, ಇದಕ್ಕೆ ಬಿಟ್ಟೀತೇ? ಇಲಿಗೂ ಮೇಣ ಇಷ್ಟ.

ಆ ಅಡಿಕೆ ಬೆಳೆಗಾರರ ರಕ್ತದಲ್ಲೇ ಬಿಆರ್‌ಸಿಎ2 ದೋಷ ಸಿಕ್ಕಿತು.

ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಯಿತು? ಡಿಎನ್‌ಎಯ ಎರಡೂ ಎಳೆ ತುಂಡಾದಾಗ ಸರಿಯಾಗಿ ಜೋಡಿಸಲು ಬಿಆರ್‌ಸಿಎ2 ಬೇಕು. ಅದು ಕೆಟ್ಟ ಕ್ಯಾನ್ಸರ್ ಕೋಶ ಪಾರ್ಪ್ ಎಂಬ ಇನ್ನೊಂದು ರಿಪೇರಿ ವ್ಯವಸ್ಥೆಯನ್ನು ನೆಚ್ಚಿಕೊಂಡು ಬದುಕಿರುತ್ತದೆ. ಓಲಾಪರಿಬ್ ಮಾತ್ರೆ ಈ ಪಾರ್ಪನ್ನು ತಡೆಯುತ್ತದೆ. ಅವರಿಗೆ ಹೇಳಿದ್ದು ಹೀಗೆ: ಮಳೆಗಾಲದಲ್ಲಿ ಆಗುಂಬೆ ಘಾಟಿ ಬಂದ್ ಆದರೆ ಹುಲಿಕಲ್ ಮೇಲೆ ಕರಾವಳಿಗೆ ಇಳಿಯುತ್ತೇವೆ, ಅದೂ ಕುಸಿದರೆ ಗಾಡಿ ನಿಂತಲ್ಲೇ ಅಲ್ವಾ? ಅವರು ತಲೆಯಾಡಿಸಿ, "ಒಳ್ಳೆ ಕೋಶಕ್ಕೆ ಒಂದು ಘಾಟಿ ಉಳಿದಿರತ್ತೆ, ಹಾಗಾದ್ರೆ" ಅಂದರು. ಹೌದು, ಅಷ್ಟೇ ವಿಷಯ.

ಆದರೆ ಶುರುವಿಗೇ ಈ ಮಾತ್ರೆ ಅಲ್ಲ. ಗಂಡು ಹಾರ್ಮೋನ್ ಇಳಿಸುವುದು ಇವತ್ತಿಗೂ ಮೊದಲ ಹೆಜ್ಜೆ, 1941ರಲ್ಲಿ ಚಾರ್ಲ್ಸ್ ಹಗಿನ್ಸ್ ಎಂಬ ಸರ್ಜನ್ ತೋರಿಸಿಕೊಟ್ಟ ದಾರಿ ಅದು. ಹಾರ್ಮೋನ್ ಚಿಕಿತ್ಸೆ ಹಿಡಿತ ಕಳೆದುಕೊಂಡ ಮೇಲೆ ಓಲಾಪರಿಬ್‌ನ ಸರದಿ. ಬಿಆರ್‌ಸಿಎ ಅಥವಾ ಎಟಿಎಂ (ಇದೂ ಡಿಎನ್‌ಎ ರಿಪೇರಿಯ ಒಂದು ಜೀನ್) ದೋಷ ಇದ್ದವರಲ್ಲಿ ಸ್ಕ್ಯಾನ್‌ನಲ್ಲಿ ಕಾಯಿಲೆ ಮುಂದುವರಿಯದೆ ಇದ್ದ ಅವಧಿ ಇನ್ನೊಂದು ಹಾರ್ಮೋನ್ ಮಾತ್ರೆಯಲ್ಲಿ ಸುಮಾರು 3.6 ತಿಂಗಳು, ಓಲಾಪರಿಬ್‌ನಲ್ಲಿ 7.4 ತಿಂಗಳು. ಅಮೆರಿಕದಲ್ಲಿ 2020ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಬಿಆರ್‌ಸಿಎ2 ಇದ್ದವರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ, ಎಟಿಎಂ ಮಾತ್ರ ಇದ್ದವರಿಗೆ ಅಷ್ಟು ಭರವಸೆ ಕೊಡುವುದಿಲ್ಲ, ಅವರಲ್ಲಿ ಲಾಭ ಕಡಿಮೆ. ಮಾತ್ರೆ ದುಬಾರಿ. ರಕ್ತ ಕಡಿಮೆಯಾಗುವುದು ಮಾಮೂಲು, ಹಿಮೋಗ್ಲೋಬಿನ್ ಪ್ರತಿ ತಿಂಗಳು ನೋಡಲೇಬೇಕು. ಹಣ ಹೊಂದದವರಿಗೆ ಕಾರ್ಬೊಪ್ಲಾಟಿನ್ ಕೀಮೋ ಬಗ್ಗೆ ಕ್ಯಾನ್ಸರ್ ಡಾಕ್ಟರ ಹತ್ತಿರ ಮಾತಾಡುತ್ತೇನೆ. ಹಳೆಯ ಔಷಧಿ, ಬೆಲೆ ಕಮ್ಮಿ, ಬಿಆರ್‌ಸಿಎ2 ಕೆಟ್ಟಿರುವ ಗಡ್ಡೆಗೆ ಚೆನ್ನಾಗಿ ನಾಟುತ್ತದೆ. ದುಡ್ಡಿಲ್ಲ ಅಂದರೆ ಜೀನ್ ಪರೀಕ್ಷೆ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಇದು.

ಗಡ್ಡೆಯಲ್ಲಿ ಪಿಟೆನ್, ಟಿಪಿ53, ಆರ್‌ಬಿ1 ಎಂಬ, ಕ್ಯಾನ್ಸರ್ ತಡೆಯುವ ಜೀನ್‌ಗಳಲ್ಲಿ ಎರಡು ಮೂರು ಒಟ್ಟಿಗೆ ಕೆಟ್ಟುಹೋಗಿದ್ದರೆ ಬರೀ ಹಾರ್ಮೋನ್ ಮದ್ದು ಬಹಳ ಕಾಲ ತಡೆಯುವುದಿಲ್ಲ, ಕೀಮೋ ಬೇಗ ಯೋಚಿಸಬೇಕು. ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ಇನ್ನೆರಡು ರಿಪೇರಿ ಜೀನ್ ಕೆಟ್ಟವರು ಅಪರೂಪ, ಆದರೆ ಅವರಲ್ಲಿ ಕೆಲವರಿಗೆ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ತಿರುಗಿಸುವ ಔಷಧಿ) ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ.

ರಿಪೋರ್ಟ್‌ನಲ್ಲಿ 'ವಿಯುಎಸ್' ಅಂತ ಬಂದರೆ ದಯವಿಟ್ಟು ಗಾಬರಿ ಆಗಬೇಡಿ. ಜೀನ್‌ನಲ್ಲಿ ಒಂದು ಬದಲಾವಣೆ ಇದೆ, ಅದು ಕೆಟ್ಟದ್ದೋ ಅಲ್ಲವೋ ಇನ್ನೂ ತಿಳಿದಿಲ್ಲ ಅಂತ ಅರ್ಥ. ಜಗತ್ತಿನ ಜೀನ್ ಮಾಹಿತಿಯಲ್ಲಿ ಬಹುಪಾಲು ಯುರೋಪ್ ಮೂಲದವರದ್ದೇ ಆದ್ದರಿಂದ ನಮ್ಮವರ ರಿಪೋರ್ಟ್‌ಗಳಲ್ಲಿ ಇದು ಜಾಸ್ತಿ. ಸುಮಾರು 10,000 ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯಿಂದ ಇದು ಸುಧಾರಿಸುತ್ತದೆ ಎಂಬ ಆಸೆ ನನಗಿದೆ. ಅಲ್ಲಿಯವರೆಗೆ ವಿಯುಎಸ್ ನೋಡಿ ನಾನು ಚಿಕಿತ್ಸೆ ಬದಲಿಸುವುದಿಲ್ಲ.

ಕಷ್ಟದ ಮಾತು ಆಮೇಲೆ ಬರುತ್ತದೆ. ಅಪ್ಪನಲ್ಲಿ ದೋಷ ಇದ್ದರೆ ಪ್ರತಿ ಮಗುವಿಗೂ ಅದು ಬಂದಿರುವ ಸಂಭವ ಅರ್ಧಕ್ಕರ್ಧ, ಗಂಡಾದರೂ ಹೆಣ್ಣಾದರೂ. ಬಿಆರ್‌ಸಿಎ2 ಪಡೆದ ಹೆಣ್ಣಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ ಸುಮಾರು 69%, ಅಂಡಾಶಯದ್ದು 17%. ಇದನ್ನು ಕೇಳಿ ಆ ಬೆಳೆಗಾರರ ಹೆಂಡತಿ ಮೊದಲು ಕೇಳಿದ್ದು, "ಮಗಳ ಮದುವೆಗೆ ತೊಂದ್ರೆ ಆಗಲ್ವಾ?" ಈ ಭಯ ನಿಜ, ಅದನ್ನು ತಳ್ಳಿಹಾಕಬಾರದು. ರಿಪೋರ್ಟ್ ನಿಮ್ಮದು, ನಾನು ಊರಿಗೆ ಹೇಳುವುದಿಲ್ಲ ಅಮ್ಮಾ, ಆದರೆ ಮಗಳಿಗೆ ಹೇಳದೆ ಇರಬೇಡಿ ಅಂದೆ. ಮೊದಲೇ ಗೊತ್ತಿದ್ದರೆ ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಬಹುದು, ಮಕ್ಕಳಾದ ಮೇಲೆ ಅಂಡಾಶಯ ತೆಗೆಸುವ ಬಗ್ಗೆ ಯೋಚಿಸಬಹುದು. ಗಂಡುಮಕ್ಕಳಿಗೆ 40ರಿಂದಲೇ ಪಿಎಸ್‌ಎ. ಸಂಬಂಧದೊಳಗೇ ಮದುವೆ ಮಾತಾಡುತ್ತಿದ್ದರೆ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು, ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಬಿಆರ್‌ಸಿಎ2 ಬಂದ ಮಗುವಿಗೆ ಫ್ಯಾಂಕೋನಿ ಅನೀಮಿಯಾ ಎಂಬ ತೀವ್ರ ಕಾಯಿಲೆ ಆಗುತ್ತದೆ.

ಮನೆಯವರಿಗೆ ಎಲ್ಲ ಜೀನ್‌ಗಳನ್ನೂ ಜಾಲಾಡಬೇಕಿಲ್ಲ, ಅಪ್ಪನಲ್ಲಿ ಸಿಕ್ಕ ಆ ಒಂದು ದೋಷವನ್ನಷ್ಟೇ ನೋಡಿದರೆ ಸಾಕು, ಖರ್ಚೂ ಬಹಳ ಕಡಿಮೆ. ಮಗಳು ತಾನೇ ಮುಂದೆ ಬಂದು ಮಾಡಿಸಿದಳು, ದೋಷ ಬಂದಿರಲಿಲ್ಲ. ಮಗನಿಗೆ ಬಂದಿದೆ. ಅವನ ಮೊದಲ ಪಿಎಸ್‌ಎ ಚೆನ್ನಾಗಿದೆ, ಮುಂದಿನ ವರ್ಷದ ತಾರೀಕು ಬರೆದುಕೊಟ್ಟಿದ್ದೇನೆ. ಈಗ ಸೋದರತ್ತೆಯ ಮಕ್ಕಳಿಗೆ ವಿಷಯ ಮುಟ್ಟಿಸಬೇಕು. ಅವರು ಹೊಸನಗರದಲ್ಲಿದ್ದಾರೆ, ಹೇಗೆ ಹೇಳುವುದು ಅಂತ ಮನೆಯವರು ಹಿಂಜರಿಯುತ್ತಿದ್ದರು. ರಿಪೋರ್ಟ್‌ನ ಒಂದು ಪ್ರತಿ, ಜೊತೆಗೆ ಕನ್ನಡದಲ್ಲೇ ಅರ್ಧ ಪುಟದ ಪತ್ರ ಬರೆದು ಕೊಟ್ಟೆ.