ಎಡಗಿವಿಯ ಲೆಕ್ಕ

ನಾನು ಬ್ಯಾಂಡೊಂದರ ಡ್ರಮ್ಮರ್. ಪ್ರೋಗ್ರಾಂ ಮುಗಿಸಿ ಬಂದು ಮಲಗಿದಾಗ ಕಿವಿಯೊಳಗೆ ಕುಂಯ್ ಅಂತಿದ್ದರೆ, ಇವತ್ತು ಜಬರ್ದಸ್ತಾಗಿ ಬಾರಿಸಿದೆವು ಎಂದೇ ನಮ್ಮ ಲೆಕ್ಕ. ಬೆಳಿಗ್ಗೆ ಹೊತ್ತಿಗೆ ಸದ್ದು ಅಡಗಿರುತ್ತಿತ್ತು, ನಾವೂ ಮರೆತಿರುತ್ತಿದ್ದೆವು. ಇಪ್ಪತ್ತಾರನೇ ವಯಸ್ಸಿನಲ್ಲಿ ಒಮ್ಮೆ ಮೂರು ದಿನವಾದರೂ ಅದು ಬಿಡಲಿಲ್ಲ. ಹೆದರಿ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆಂಬ ಪರೀಕ್ಷೆ, ಮಾಡಿಸಿದೆ.

ಯಾವ ಸ್ವರ ಎಷ್ಟು ಕೇಳಿಸುತ್ತದೆಂದು ತೋರಿಸುವ ಕಾಗದದ ಮೇಲಿನ ಗೆರೆ 250 ಹರ್ಟ್ಸ್‌ನಿಂದ (ಹರ್ಟ್ಸ್ ಏರಿದಷ್ಟೂ ಸ್ವರ ಕೀಚಲು) ನೆಟ್ಟಗೆ ಬಂದು, 4000ದ ಹತ್ತಿರ ಹಳ್ಳಕ್ಕೆ ಬಿದ್ದು, 8000ಕ್ಕೆ ಮತ್ತೆ ಮೇಲೆದ್ದಿತ್ತು. ವಯಸ್ಸಿನ ಕಿವುಡಾಗಿದ್ದರೆ 8000ಕ್ಕೆ ಇನ್ನೂ ಕೆಳಗಿಳಿಯುತ್ತಿತ್ತಂತೆ. ಹೀಗೆ ಹಳ್ಳ ಬಿದ್ದು ಏಳುವುದು ಹೆಚ್ಚಾಗಿ ಗದ್ದಲದ ಗುರುತು. ಎಡಗಿವಿಯ ಹಳ್ಳ ಇನ್ನೂ ಆಳ. ನಾನು ಬಲಗೈಯವನು, ಡ್ರಮ್ಸ್‌ನಲ್ಲಿ ಹೈ-ಹ್ಯಾಟ್ ಎಂಬ ಜೋಡಿ ಸಿಂಬಲ್ (ಲೋಹದ ತಾಳ) ಇರುವುದು ನನ್ನ ಎಡಕ್ಕೆ, ಬಾರಿಸುವವರಿಗೇ ಕೇಳಿಸಲು ಇಡುವ ಸ್ಪೀಕರ್, ಸ್ಟೇಜ್ ಮಾನಿಟರ್, ಕೂಡ ಅಲ್ಲೇ. ಒಳಗಿವಿಯಲ್ಲಿ ಸದ್ದು ಹಿಡಿಯುವ ರೋಮಕೋಶಗಳು ಒಂದು ಕಿವಿಗೆ ಸುಮಾರು 15,000. ಹಕ್ಕಿಗಳಲ್ಲಿ ಅವು ಸತ್ತರೂ ಮತ್ತೆ ಹುಟ್ಟುತ್ತವೆ, ಮನುಷ್ಯರಲ್ಲಿ ಇಲ್ಲ. ಕೋಳಿಗಿರುವ ಭಾಗ್ಯ ಡ್ರಮ್ಮರ್‌ಗಿಲ್ಲ.

ಮೊದಲು ಮಾಡಿದ ಕೆಲಸ ಸದ್ದಿನ ಜೋರು ಅಳೆಯುವುದು. ಫೋನಿನ ಆ್ಯಪ್ ಅಷ್ಟು ನಿಖರವಲ್ಲ, ಅಂದಾಜಿಗೆ ಸಾಕು. ರಿಹರ್ಸಲ್ ಕೋಣೆಯಲ್ಲಿ 100 ಡೆಸಿಬೆಲ್ ಆಸುಪಾಸು ತೋರಿಸಿತು. ಕೆಲಸದ ಜಾಗಗಳಿಗೆ ಬಳಸುವ ಲೆಕ್ಕವೊಂದಿದೆ: 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಅವಧಿ ಅರ್ಧ. ಹಾಗೆ ಇಳಿಸುತ್ತಾ ಬಂದರೆ 100ಕ್ಕೆ ಸಿಗುವುದು ಬರೀ 15 ನಿಮಿಷ. ನಾವು ಬಾರಿಸುತ್ತಿದ್ದದ್ದು ಎರಡು ಗಂಟೆ. ಎಂಟು ದಿನದ ಪಾಲನ್ನು ಒಂದೇ ಸಂಜೆ ತಿಂದು, ವಾಪಸ್ ಹೋಗುವಾಗ ಹೆಡ್‌ಫೋನ್ ಬೇರೆ!

ಫೋಮ್ ಇಯರ್‌ಪ್ಲಗ್ ತಂದೆ. ಅರ್ಧ ಹೊರಗೇ ಉಳಿಯುವಂತೆ ತುರುಕಿಕೊಂಡು, ಇದರಿಂದ ಏನೂ ಆಗಲ್ಲ ಎಂದು ಬೈದೆ. ಹಾಕುವ ಕ್ರಮ ಆಮೇಲೆ ಗೊತ್ತಾಯಿತು. ಬೆರಳಲ್ಲಿ ಸಣ್ಣ ಬತ್ತಿಯ ಹಾಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತಳ್ಳಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಹಾಗೆ ಹಾಕಿದಾಗ ಸದ್ದೇನೋ ಚೆನ್ನಾಗಿ ತಗ್ಗಿತು. ಆದರೆ ಫೋಮ್ ತಾರಸ್ವರಗಳನ್ನೇ ಹೆಚ್ಚು ನುಂಗುತ್ತದೆ. ಸಿಂಬಲ್ ಕೇಳಿಸದೆ ನಾನು ಇನ್ನಷ್ಟು ಜೋರಾಗಿ ಹೊಡೆಯುತ್ತಿದ್ದೆ. ವಾರದೊಳಗೆ ಮಣಿಕಟ್ಟು ನೋವು.

ನಂತರ ತಗೊಂಡದ್ದು ಫಿಲ್ಟರ್ ಇರುವ, ಸಂಗೀತಗಾರರ ಪ್ಲಗ್. ಅದು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ, ಸುಮಾರು 15 ಡೆಸಿಬೆಲ್ ಇಳಿಸುತ್ತದೆ. ಮೊದಲೆರಡು ವಾರ ಹಿಂಸೆ. ಒನ್ ಟೂ ತ್ರೀ ಎಂದರೆ ಕೊಡದೊಳಗೆ ಬಾಯಿಟ್ಟು ಕೂಗಿದ ಹಾಗೆ. ಹಾಡುಗಳ ನಡುವೆ ಮಾತಾಡಲು ತೆಗೆಯುತ್ತಿದ್ದೆ, ಮುಂದಿನ ಹಾಡಿಗೆ ಹಾಕಲು ಮರೆಯುತ್ತಿದ್ದೆ. ಎರಡು ಗಂಟೆಯಲ್ಲಿ ಅಂಥ ಮರೆವು ಕಾಲು ಗಂಟೆಯಾದರೆ ಆ ದಿನದ ಪಾಲು ಅಲ್ಲಿಗೇ ಮುಗಿಯಿತು. ಈಗ ಡ್ರಮ್ಸ್ ಬಿಟ್ಟು ಏಳುವ ತನಕ ತೆಗೆಯುವುದಿಲ್ಲ.

ದೊಡ್ಡ ಲಾಭ ಬಂದದ್ದು ಮಾತ್ರ ಪ್ಲಗ್‌ನಿಂದಲ್ಲ. ನಮ್ಮ ಗಿಟಾರಿಸ್ಟ್‌ನ ಆ್ಯಂಪ್, ಗಿಟಾರಿನ ಸದ್ದು ಜೋರಾಗಿ ಹೊರಡುವ ಸ್ಪೀಕರ್ ಪೆಟ್ಟಿಗೆ, ನೆಲದ ಮೇಲಿರುತ್ತಿತ್ತು. ಅದರ ಸದ್ದು ಅವನ ಮೊಣಕಾಲಿಗೆ, ನಮ್ಮ ಕಿವಿಗೆ. "ನಂಗೇ ಕೇಳಿಸ್ತಿಲ್ಲ ಗುರು" ಎನ್ನುತ್ತಾ ವಾಲ್ಯೂಮ್ ಏರಿಸುತ್ತಿದ್ದ. ಸಲಹೆ ಕೊಟ್ಟು ಸಾಕಾಗಿ, ಒಂದು ಸಂಜೆ ಅವನು ಬರುವ ಮೊದಲೇ ಆ್ಯಂಪನ್ನು ಕುರ್ಚಿಯ ಮೇಲಿಟ್ಟು ಅವನ ತಲೆಯ ಕಡೆ ವಾಲಿಸಿದೆ. ಬಂದ, ತಂತಿ ಮೀಟಿದ, ಬೆಚ್ಚಿಬಿದ್ದ, ತಾನೇ ಬಗ್ಗಿ ಅರ್ಧಕ್ಕೆ ಇಳಿಸಿದ. ಗದ್ದಲ ತಗ್ಗಿದ್ದರಿಂದ ನನ್ನ ಕೈಯೂ ಹಗುರಾಯಿತು. ನಮ್ಮ ಗಾಯಕಿ ಮಾತ್ರ ಪ್ಲಗ್ ಹಾಕಲು ಇನ್ನೂ ಒಪ್ಪಿಲ್ಲ. ತನ್ನ ದನಿ ತಲೆಯೊಳಗೇ ಗುಂಯ್‌ಗುಟ್ಟುತ್ತದೆ ಎನ್ನುತ್ತಾಳೆ. ಅವಳು ಹೇಳುವುದು ಸುಳ್ಳಲ್ಲ.

ಬೇರೆಯವರ ಶೋಗೆ ಹೋದರೆ ಸ್ಪೀಕರ್ ಹತ್ತಿರ ನಿಲ್ಲುವುದಿಲ್ಲ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮುಚ್ಚಿದ ಹಾಲ್‌ನಲ್ಲಿ ಅಷ್ಟು ಸಿಗದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ ಸರಾಸರಿ 100 ಡೆಸಿಬೆಲ್ ಮೀರಬಾರದೆಂದು ಮಾನದಂಡ ಇಟ್ಟಿದೆ. 100 ಅಂದರೆ ಎಷ್ಟು ನಿಮಿಷ ಅಂತ ಮೇಲೆಯೇ ಹೇಳಿದೆ.

ವರ್ಷ ಕಳೆದು ಮತ್ತೆ ಪರೀಕ್ಷೆ ಮಾಡಿಸಿದೆ. ಹಳ್ಳ ತುಂಬಿಲ್ಲ, ಆಳವೂ ಆಗಿಲ್ಲ. ಜನ ಗಿಜಿಗುಡುವ ಕಡೆ 'ಸ', 'ಶ', 'ತ' ನನಗೆ ಕಲಸಿಹೋಗುತ್ತವೆ. ಗೆಳೆಯರ ಜೊತೆ ಕೂರುವಾಗ ಸಾಲಿನ ಎಡತುದಿ ಹಿಡಿಯುತ್ತೇನೆ, ಬಲಗಿವಿ ಅವರ ಕಡೆಗಿರಲಿ ಅಂತ.