ಮರೆವಿನ ಕಾಯಿಲೆಗೆ ಹೆದರಿ ನಮ್ಮ ಅಡುಗೆಮನೆಯಲ್ಲಿ ಬದಲಿಸಿದ್ದು

ಅಮ್ಮ ಒಂದೇ ಪಾತ್ರೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು. ನಮಗೆ ಸಿಕ್ಕ ಮೊದಲ ಸುಳಿವು ಅದು. ಆಗ ಅವಳಿಗೆ 67. ಆಮೇಲೆ ಆರು ತಿಂಗಳಿಗೆ ಡಾಕ್ಟರು ಆಲ್ಝೈಮರ್ಸ್ ಅಂದರು. ಇಪ್ಪತ್ತು ವರ್ಷದಿಂದ ಬಿಪಿ, ಶುಗರ್ ಎರಡೂ ಇದ್ದವು. ಮಾತ್ರೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಉಪ್ಪಿನಕಾಯಿ ಮಾತ್ರ ದಿನಾ ಬೇಕು.

ನನಗೀಗ 48. ಈ ಕಾಯಿಲೆ ಹೊರಗೆ ಕಾಣುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಮೆದುಳಲ್ಲಿ ಶುರುವಾಗಿರುತ್ತದೆ. ನಮ್ಮ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದವರನ್ನೇ ವರ್ಷಗಟ್ಟಲೆ ಪರೀಕ್ಷಿಸುತ್ತಿರುವುದು ಸುಮ್ನೆ ಅಲ್ಲ. ಅಂದರೆ ಊಟ ಸರಿಮಾಡಿಕೊಳ್ಳುವ ವಯಸ್ಸು ನನ್ನದು, ಅಮ್ಮನದಲ್ಲ.

ಊಟದಿಂದ ಎಷ್ಟು ಉಪಯೋಗ? 2015ರಲ್ಲಿ ಷಿಕಾಗೋದ ರಷ್ ವಿಶ್ವವಿದ್ಯಾಲಯದ ಮಾರ್ಥಾ ಕ್ಲೇರ್ ಮಾರಿಸ್ ತಂಡ 'ಮೈಂಡ್' ಅನ್ನುವ ಊಟದ ಕ್ರಮದ ಬಗ್ಗೆ ಬರೆಯಿತು. ಸೊಪ್ಪು, ಕಾಳು, ಬೀಜಗಳು ಜಾಸ್ತಿ. ಬೆಣ್ಣೆ, ಸಿಹಿ, ಕರಿದದ್ದು ಕಡಿಮೆ. ಅದನ್ನು ಚೆನ್ನಾಗಿ ಪಾಲಿಸಿದವರಲ್ಲಿ ಆಲ್ಝೈಮರ್ಸ್ ಅಪಾಯ 53% ಕಡಿಮೆ ಕಂಡಿತ್ತು. ಆದರೆ 2023ರಲ್ಲಿ 604 ಜನರ ಮೇಲೆ ಮೂರು ವರ್ಷ ಪ್ರಯೋಗ ಮಾಡಿದಾಗ, ಬೇರೆ ಊಟ ಮಾಡಿದವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಹಾಗಾಗಿ ಸೊಪ್ಪು ತಿಂದರೆ ಕಾಯಿಲೆ ಬರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಿಪಿ, ಶುಗರ್, ಕೆಟ್ಟ ಕೊಲೆಸ್ಟ್ರಾಲ್ ಮೂರೂ ಮರೆವಿನ ಅಪಾಯ ಹೆಚ್ಚಿಸುತ್ತವೆ. ಆ ಮೂರನ್ನೂ ಹಿಡಿತದಲ್ಲಿಡಲು ಊಟ ನೆರವಾಗುತ್ತದೆ. ನನಗೆ ಅಷ್ಟು ಕಾರಣ ಸಾಕು.

ನಾನು ಶುರು ಮಾಡಿದ್ದು ಬಸ್ಸಾರಿನಿಂದ. ವಾರಕ್ಕೆ ಮೂರು ದಿನ. ದಂಟಿನ ಸೊಪ್ಪು ಆಗಬಹುದು, ಮಳೆ ಬಿದ್ದ ಮೇಲೆ ಊರಿಂದ ಬೆರಕೆ ಸೊಪ್ಪು ಬಂದರೆ ಇನ್ನೂ ಒಳ್ಳೆಯದು. ನೆನೆಸಿದ ಅಲಸಂದೆ ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಬೆಂದಾಗ ಕಟ್ಟು ಬಸಿದುಕೊಳ್ಳಿ. ಕಟ್ಟನ್ನು ಚೆಲ್ಲಬೇಡಿ, ಸಾರಾಗುವುದು ಅದೇ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು ಹುರಿದು, ಒಂದು ಹಿಡಿ ಬೆಂದ ಕಾಳು ಸೇರಿಸಿ ರುಬ್ಬಿ. ಮೊದಲು ಅರ್ಧ ಹೋಳು ಕಾಯಿ ಹಾಕುತ್ತಿದ್ದೆ. ಈಗ ಕಾಳೇ ಸಾರನ್ನು ಗಟ್ಟಿ ಮಾಡುತ್ತದೆ. ಹುಣಸೆಹುಳಿ ಸ್ವಲ್ಪ ಮುಂದಿರಲಿ, ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಗೊತ್ತಾಗುವುದಿಲ್ಲ. ಉಳಿದ ಸೊಪ್ಪು, ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ.

ಮುದ್ದೆ ಒಳ್ಳೆಯದು ಅಂತ ಎರಡು ದೊಡ್ಡ ಮುದ್ದೆ ಉಂಡರೆ ಶುಗರ್ ಏರುತ್ತದೆ. ಸಣ್ಣ ಮುದ್ದೆ ಒಂದು, ಪಲ್ಯ ಎರಡು ಸೌಟು. ಅಮ್ಮನಿಗೂ ಇದೇ ಊಟ. ಸೊಪ್ಪು ಬಿಡಿಸುವ ಕೆಲಸ ಅವಳದೇ, ಬಲಿತ ದಂಟು ಯಾವುದು, ಎಳೆಯದು ಯಾವುದು ಅಂತ ಕೈ ಇನ್ನೂ ಮರೆತಿಲ್ಲ.

ಸಂಜೆ ಬೇಕರಿ ಬಿಸ್ಕತ್ತಿನ ಜಾಗಕ್ಕೆ ಹಿಡಿ ಕಡಲೆಬೀಜ ಬಂದಿದೆ. ಬೋಂಡ ವಾರಕ್ಕೊಮ್ಮೆ, ಕರಿದ ಎಣ್ಣೆಯನ್ನು ಮತ್ತೆ ಕಾಯಿಸುವುದಿಲ್ಲ.

ಸಸ್ಯಾಹಾರಿಗಳು ವಿಟಮಿನ್ ಬಿ12 ಪರೀಕ್ಷೆ ಮಾಡಿಸಲೇಬೇಕು. ಅದು ಸೊಪ್ಪಿನಲ್ಲಿಲ್ಲ, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಬಿ12 ತೀರಾ ಕಡಿಮೆಯಾದರೂ ಮರೆವು ಬರುತ್ತದೆ, ಬೇಗ ಕಂಡುಹಿಡಿದರೆ ಆ ಮರೆವನ್ನು ಸರಿಮಾಡಬಹುದು. ಶುಗರ್‌ಗೆ ಬಹಳ ವರ್ಷ ಮೆಟ್‌ಫಾರ್ಮಿನ್ ನುಂಗುವವರಲ್ಲೂ ಬಿ12 ಇಳಿಯಬಹುದು. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಸೊಪ್ಪು ಜಾಸ್ತಿ ಮಾಡಬೇಡಿ.

ಕೊನೆಗೆ ಉಪ್ಪು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗಿರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚ. ದಿನಾ ಅಳೆಯೋಕಾಗುತ್ತಾ? ನಾನು ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯುತ್ತೇನೆ. ನಾಲ್ಕು ಜನರ ಮನೆಗೆ ಒಂದು ಕೆಜಿ 50 ದಿನವಾದರೂ ಬರಬೇಕು. ಉಪ್ಪಿನಕಾಯಿ, ಚಿಪ್ಸ್ ತಿನ್ನುವ ಮನೆಯಾದರೆ ಇನ್ನೂ ಜಾಸ್ತಿ ದಿನ. ಮೊದಲ ಪ್ಯಾಕೆಟ್ 30 ದಿನಕ್ಕೇ ಮುಗಿದಿತ್ತು. ಹೋದ ಸಲದ್ದು 46 ದಿನ ಬಂತು.